ಮುಳುಗಡೆ ಮನೆಯ ಮರ

ಶರಾವತಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರು ಮಣ್ಣಿನ ಗೋಡೆಗಳನ್ನು ಅಲ್ಲೇ ಬಿಟ್ಟು ಬಂದರು, ಮರವನ್ನು ಮಾತ್ರ ಬಿಡಲಿಲ್ಲ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ. ಹೀಗೆ ಎರಡು ಸಲ ನೀರು ಏರಿತು. ನಮ್ಮಜ್ಜ ಎದ್ದು ಬಂದದ್ದು ಎರಡನೆಯ ಸಲ. ಹೆಂಚು ಇಳಿಸಿ, ರೀಪು, ಪಕಾಸಿ ಬಿಡಿಸಿ, ತೊಲೆ, ಕಂಬ, ದಾರಂದಗಳನ್ನು ಗಾಡಿಗೆ ಹೇರಿಕೊಂಡು ಬಂದು ಸಾಗರದ ಈಚೆ ಮನೆ ಕಟ್ಟಿದರು. ಹೊಸ ಮನೆ ಹಳೆಯದರ ಅರ್ಧದಷ್ಟೂ ಇರಲಿಲ್ಲ. ಮಿಕ್ಕ ಮರವೆಲ್ಲ ಕೊಟ್ಟಿಗೆಯ ಅಟ್ಟ ಸೇರಿತು. ಇವತ್ತು ನಾನು ಹಿತ್ತಿಲ ಮಾಡಿನಡಿ ಕೂತು ಮಾಡುವ ಬೆಂಚು, ಮೇಜು, ಕಪಾಟುಗಳಿಗೆಲ್ಲ ಆ ಅಟ್ಟವೇ ಬಂಡವಾಳ.

ಆ ಕಾಲದ ಮಲೆನಾಡ ಮನೆಗಳಲ್ಲಿ ಮೇಜು ಕುರ್ಚಿಗಳು ಅಷ್ಟಾಗಿ ಇರಲಿಲ್ಲ. ಊಟಕ್ಕೆ ಮಣೆ, ಮಲಗಲು ಚಾಪೆ, ಭತ್ತಕ್ಕೆ ಪಣತ, ಕಾಗದಪತ್ರಕ್ಕೆ ಪೆಟ್ಟಿಗೆ. ಅನುಕೂಲಸ್ಥರಾದರೆ ಒಂದು ತೂಗುಮಂಚ. ಕೂರಲು ಜಗಲಿಯೇ ಇತ್ತಲ್ಲ! ಒಳ್ಳೆಯ ಮರವೆಲ್ಲ ಮನೆಯ ಮೈಗೇ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇದು ಇನ್ನೂ ಹೆಚ್ಚಿತು. ಸೋಗೆಯ ಮಾಡಿಗೆ ಡೊಂಕು ಗಳವೂ ನಡೆಯುತ್ತದೆ. ಹೆಂಚು ಕೂರಬೇಕಾದರೆ ರೀಪುಗಳ ನಡುವೆ ಒಂದೇ ಅಂತರ ಇರಬೇಕು, ಮರ ಅಳತೆಗೆ ಕೊಯ್ದಿರಬೇಕು. ಮುಳುಗಡೆಯ ಹೆಂಚಿನ ಮನೆಗಳಿಂದ ನಮಗೆ ಸಿಕ್ಕಿದ್ದು ಅಂಥ ನೇರ ಮರ. ಅದು ಮೇಜಿನ ಕಾಲಾಗಿ ನಿಲ್ಲಲು ಹೆಚ್ಚು ಸತಾಯಿಸುವುದಿಲ್ಲ.

ನಾನು ಬರೆಯುವ ಮೇಜಿನ ಕಾಲುಗಳು ಅಡುಗೆಮನೆಯ ಹಲಸಿನ ತೊಲೆಯವು. ಹೊಗೆ ಕುಡಿದು ಮೈಯೆಲ್ಲ ಕಪ್ಪಾಗಿತ್ತು. ಕೀಸುಳಿ ಎಳೆದರೆ ಮೊದಲ ಸುರುಳಿಗಳು ಕಪ್ಪು, ಆಮೇಲಿನವು ಕಂದು, ಅದರ ಒಳಗೆ ಆಗತಾನೇ ಕುಟ್ಟಿದ ಅರಿಶಿನದಂಥ ಹಳದಿ. ಕೆಲವು ವರ್ಷದಲ್ಲಿ ಆ ಹಳದಿ ಮತ್ತೆ ಕಂದಿಗೆ ತಿರುಗುತ್ತದೆ. ತೊಲೆಯ ಒಂದು ತುದಿಯಲ್ಲಿ ಉಳಿಯಿಂದ ಹಾಕಿದ ಮೂರು ಗೀರು ಕಂಡವು. ಅಟ್ಟದಲ್ಲಿ ಹುಡುಕಿದರೆ ಒಂದು ಕಂಬದ ತಲೆಯಲ್ಲೂ ಅಂಥದೇ ಮೂರು ಗೀರು. ಯಾವ ತುದಿ ಯಾವ ತೂತಿಗೆ ಕೂರಬೇಕೆಂದು ಆಚಾರಿ ಹಾಕಿಕೊಂಡ ಗುರುತು ಅದು. ಓದು ಬರಹಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಬೆರಳಾಡಿಸಿದರೂ ಲೆಕ್ಕ ಸಿಗುತ್ತದೆ. ಇಡೀ ಮನೆಯನ್ನು ಬಿಚ್ಚಿ ಇನ್ನೊಂದು ಊರಿನಲ್ಲಿ ಜೋಡಿಸಲು ಆದದ್ದು ಈ ಗೀರುಗಳಿಂದ, ಕೂಡುಗಳಿಗೆ ಬಡಿದ ಮರದ ಗೂಟಗಳಿಂದ. ಹಿಂದಿನಿಂದ ಬಡಿದರೆ ಗೂಟ ಈಚೆ ಬರುತ್ತದೆ, ಮರಕ್ಕೆ ನೋವಾಗುವುದಿಲ್ಲ. ಗೀರುಗಳನ್ನು ನಾನು ಕೀಸದೆ ಹಾಗೇ ಉಳಿಸಿದ್ದೇನೆ.

ಹಳೆ ಮರದಲ್ಲಿ ಮೊದಲ ಕೆಲಸ ಮೊಳೆ ಹುಡುಕುವುದು. ಅಯಸ್ಕಾಂತ ಆಡಿಸಿ ಒಂದೊಂದನ್ನೂ ಕಿತ್ತರೇ ಕೀಸುಳಿಯ ಅಲಗು ಉಳಿಯುವುದು. ಆಮೇಲೆ ಗೆದ್ದಲು ಹಿಡಿದ ತುದಿ ಕತ್ತರಿಸಿ, ಉಪ್ಪುಕಾಗದ ಉಜ್ಜಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಬಳಿಯುತ್ತೇನೆ. ನೆಲ ಮುಟ್ಟುವ ಕಡೆಗೆ ಗೇರೆಣ್ಣೆ. ಹೊಳೆಯುವ ವಾರ್ನಿಷ್ ನನಗೆ ಸೇರದು. ಮರದ ಗೆರೆಗಳೇ ಕಾಣದಂತೆ ಮಾಡುತ್ತದೆ.

ಸಾಗುವಾನಿ, ಬೀಟೆ ಮೈಸೂರು ಅರಸರ ಕಾಲದಿಂದಲೂ ಸರ್ಕಾರಿ ಮರಗಳು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಕೇಳಬೇಕಾಯಿತು. ಅದು ಸರಿಯೇ. ಆದರೆ ಹಳೆ ಮನೆಗಳ ಮರಕ್ಕೆ ಬೆಲೆ ಏರಿ, ವ್ಯಾಪಾರಿಗಳು ಹಳ್ಳಿಹಳ್ಳಿಗೆ ಬಂದರು. ಕೆತ್ತನೆಯ ಬಾಗಿಲು ದೂರದ ಹೋಟೆಲು, ಬಂಗಲೆಗಳಿಗೆ ಹೋಗುತ್ತದೆ, ಕೆತ್ತನೆಯಿಲ್ಲದ್ದು ಒಲೆಗೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅದು ದೊಡ್ಡ ಕೆಲಸ. ಎಲ್ಲ ಮನೆಗಳಿಗೂ ಆ ಭಾಗ್ಯ ಸಿಗುವುದಿಲ್ಲ.

ತಾರಸಿ ಮನೆ ಕಟ್ಟಲು ಹಳೆಯದನ್ನು ಬಿಚ್ಚಿಸುವವರಲ್ಲಿ ನನ್ನದೊಂದು ಕೋರಿಕೆ. ಜೆಸಿಬಿ ಕರೆಸುವ ಮೊದಲು ಆಚಾರಿಯನ್ನು ಕರೆಸಿ. ಗೂಟ ಬಡಿದು ಕೂಡು ಬಿಡಿಸುವುದು ಬಲ್ಲವರು ನಮ್ಮ ಕಡೆ ಇನ್ನೂ ಇದ್ದಾರೆ. ಎಲ್ಲವನ್ನೂ ಮಾರಬೇಡಿ, ಒಂದು ದಾರಂದವನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳಿ. ಅದರ ನಾಲ್ಕು ತುಂಡಿನಲ್ಲಿ ಇಬ್ಬರು ಕೂರುವ ಬೆಂಚಿನ ಚೌಕಟ್ಟು ಧಾರಾಳವಾಗಿ ಆಗುತ್ತದೆ.