ಬಾಯಿ ಬಿಡದ ಹುಡುಗನ ಧೈರ್ಯ: ಮೈಕ್ ಕುರಾಟೊ ಅವರ ‘ಫ್ಲೇಮರ್’ ಕುರಿತು

ಸಲಿಂಗಿಗಳು ತಮ್ಮನ್ನು ತಾವು ಕಂಡುಕೊಳ್ಳುವ ಬಗೆಯನ್ನು ಮನಶ್ಶಾಸ್ತ್ರಜ್ಞೆ ವಿವಿಯನ್ ಕ್ಯಾಸ್ 1979ರಲ್ಲಿ ಆರು ಹಂತಗಳಾಗಿ ವಿಂಗಡಿಸಿದರು. ಎಲ್ಲರೂ ಇದೇ ಕ್ರಮದಲ್ಲಿ ಸಾಗುವುದಿಲ್ಲವೆಂಬುದು ಈಗ ವಿವಾದದ ಮಾತಲ್ಲ. ಸಲಿಂಗಿ ಹದಿಹರೆಯದವರನ್ನು ಬರೀ ನೊಂದವರೆಂದು ನೋಡುವುದನ್ನು ಮನಶ್ಶಾಸ್ತ್ರಜ್ಞ ರಿಚ್ ಸಾವಿನ್-ವಿಲಿಯಮ್ಸ್ 2005ರಲ್ಲಿ ಪ್ರಶ್ನಿಸಿದ್ದೂ ಆಯಿತು. ಆದರೆ ಕ್ಯಾಸ್ ಅವರ ಮಾದರಿಯಿಂದ ಬೆಳೆದ ಒಂದು ಓದು ಇನ್ನೂ ಉಳಿದಿದೆ: ನಾಲ್ಕು ಜನರೆದುರು ಹೇಳಿಕೊಂಡರೆ ಮಾತ್ರ ಧೈರ್ಯ, ಅಲ್ಲಿಯವರೆಗೆ ಅಂಜಿಕೆ.

ಮೈಕ್ ಕುರಾಟೊ ಅವರ ‘ಫ್ಲೇಮರ್’ (2020) ಈ ಓದಿಗೆ ಒಗ್ಗುವುದಿಲ್ಲ.

ಅಮೆರಿಕದ ಈ ಚಿತ್ರಕಾರ ತಮ್ಮ ಹದಿಹರೆಯದ ಅನುಭವವನ್ನು ಆಧರಿಸಿ ಬರೆದು ಚಿತ್ರಿಸಿದ ಗ್ರಾಫಿಕ್ ಕಾದಂಬರಿಯಿದು. 1995ರ ಬೇಸಿಗೆ, ಹೈಸ್ಕೂಲು ಸೇರಬೇಕಿರುವ ಏಡನ್ ನವಾರೊ ಸ್ಕೌಟ್ ಶಿಬಿರದಲ್ಲಿದ್ದಾನೆ. ಅವನ ಮೈ, ನಡೆನುಡಿ, ಫಿಲಿಪಿನೊ ಮೂಲ, ಎಲ್ಲವೂ ಜೊತೆಯ ಹುಡುಗರ ಗೇಲಿಗೆ ವಸ್ತು. ತಾನು ಸಲಿಂಗಿಯಲ್ಲವೆಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ.

ಈ ಮೌನವನ್ನು ಹೇಡಿತನ ಎನ್ನಬಹುದೇ? ಕಾಲವನ್ನು ಗಮನಿಸಬೇಕು. ಸಲಿಂಗಿ ಬಾಲಕರ ಮೇಲಿನ ನಿಷೇಧವನ್ನು ತೆಗೆಯಲು ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆ ತೀರ್ಮಾನಿಸಿದ್ದು 2013ರಲ್ಲಿ. ಅದಕ್ಕೂ ಮೊದಲು, 2000ದಲ್ಲಿ, ಸಲಿಂಗಿಗಳನ್ನು ಹೊರಗಿಡುವ ವಿಷಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಸ್ಥೆಯ ಪರವಾಗಿಯೇ ತೀರ್ಪಿತ್ತಿತ್ತು. ಹೇಳಿಕೊಂಡಿದ್ದರೆ ಏಡನ್ ಹೊರಗೆ. ಶಾಲೆಯಲ್ಲಾದರೂ ರಕ್ಷಣೆಯಿತ್ತೇ? ವಿಸ್ಕಾನ್ಸಿನ್‌ನ ವಿದ್ಯಾರ್ಥಿ ಜೇಮಿ ನಬೋಜ್ನಿ ತಾನು ಸಲಿಂಗಿಯೆಂಬುದನ್ನು ಮುಚ್ಚಿಡಲಿಲ್ಲ. ಸಹಪಾಠಿಗಳು ವರ್ಷಗಟ್ಟಲೆ ಹೊಡೆದರು, ಒದ್ದರು. ದೂರುಗಳಿಂದ ಅವನಿಗೆ ರಕ್ಷಣೆ ಸಿಗಲಿಲ್ಲ. ಶಾಲೆಯ ಅಧಿಕಾರಿಗಳನ್ನು ಹೊಣೆ ಮಾಡಬಹುದೆಂದು ಮೇಲ್ಮನವಿ ನ್ಯಾಯಾಲಯ ಹೇಳಿದ್ದು 1996ರಲ್ಲಿ, ಏಡನ್‌ನ ಬೇಸಿಗೆ ಕಳೆದ ಮರುವರ್ಷ. ಇಂಥ ಹೊತ್ತಿನಲ್ಲಿ ಹದಿನಾಲ್ಕರ ಆಸುಪಾಸಿನ ಹುಡುಗನಿಂದ ಘೋಷಣೆಯನ್ನು ನಿರೀಕ್ಷಿಸುವುದು ಅನ್ಯಾಯ.

ಹಾಗಾದರೆ ಧೈರ್ಯ ಎಲ್ಲಿದೆ? ಬಣ್ಣದಲ್ಲಿದೆ ಎಂಬುದು ಈ ಲೇಖನದ ವಾದ. ಪುಸ್ತಕ ಬಹುಪಾಲು ಕಪ್ಪುಬಿಳುಪು. ಬೆಂಕಿಗೆ ಮಾತ್ರ ಕೆಂಪು, ಕಿತ್ತಳೆ, ಹಳದಿ. ಅವಮಾನದಲ್ಲೂ ಸಿಟ್ಟಿನಲ್ಲೂ ಅವನನ್ನು ಸುಡುವ ಬಣ್ಣವದು. ಏಡನ್ ಸಾಯಲು ಹೊರಟ ರಾತ್ರಿ ಆ ಬೆಂಕಿಯೇ ಅವನೊಡನೆ ಮಾತಿಗಿಳಿಯುತ್ತದೆ, ಅವನು ಬದುಕುತ್ತಾನೆ. ಯಾರ ಮುಂದೆಯೂ ಏನನ್ನೂ ಸಾರುವ ಮೊದಲೇ ಉರಿ ಅವನ ಪರವಾಗಿ ನಿಂತಿದೆ.

ಈ ವಾದಕ್ಕೆ ಮಿತಿಗಳಿವೆ. ಬಣ್ಣ ಹಚ್ಚಿದ್ದು ನಡುವಯಸ್ಸಿಗೆ ಹತ್ತಿರವಾದ ಕಲಾವಿದನ ಕೈ. ಆ ತಿಳಿವನ್ನು ಹುಡುಗನದೇ ಎಂದು ಹೇಳುವಂತಿಲ್ಲ. ಒಂದು ಕೃತಿಯಿಂದ ಮನಶ್ಶಾಸ್ತ್ರದ ಮಾದರಿಯೂ ಬಿದ್ದುಹೋಗದು; ಬೆಳವಣಿಗೆ ನಡುವೆ ನಿಲ್ಲಬಹುದೆಂದು ಕ್ಯಾಸ್ ಅವರೇ ಒಪ್ಪಿದ್ದಾರೆ. ಇಲ್ಲಿ ಹೇಳುತ್ತಿರುವುದು ಇಷ್ಟೇ: ಒಪ್ಪಿಕೊಳ್ಳುವುದಕ್ಕೂ ಹೇಳಿಕೊಳ್ಳುವುದಕ್ಕೂ ನಡುವೆ ಧೈರ್ಯಕ್ಕೆ ತನ್ನದೇ ಆದ ಜಾಗವಿದೆ, ಚಿತ್ರ ಅದನ್ನು ಕಾಣಿಸಬಲ್ಲದು.

ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಪ್ರಕಟಿಸಿದ, 2022ರಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ‘ಫ್ಲೇಮರ್’ ನಾಲ್ಕನೆಯದು. ಗೇಲಿಗೆ ಗುರಿಯಾದ ಮಕ್ಕಳು ಇದನ್ನು ಹೇಗೆ ಓದುತ್ತಾರೆ, ಶಾಲೆಯ ಕಪಾಟಿನಿಂದ ಇದನ್ನು ತೆಗೆದಾಗ ಅವರಿಗೆ ಏನು ತಪ್ಪಿಹೋಗುತ್ತದೆ ಎಂಬುದನ್ನು ಆ ಮಕ್ಕಳಿಂದಲೇ ಕೇಳಿ ತಿಳಿಯುವ ಅಧ್ಯಯನ ನಡೆಯಬೇಕು.