ಬೆಳಕು, ದ್ಯುತಿಸಂಶ್ಲೇಷಣೆ ಮತ್ತು ನೆರಳು ಪರದೆಯ ಆಯ್ಕೆ: ಅರ್ಜಿದಾರ ರೈತರಿಗೆ ಮಾಹಿತಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಬೇಸಿಗೆಯ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಆದ್ದರಿಂದ ಶೇಡ್‌ನೆಟ್ ಎಂದು ಕರೆಯಲಾಗುವ ನೆರಳು ಪರದೆಗೆ ರೈತರು ಸಹಾಯಧನ ಕೋರಿ ಅರ್ಜಿ ಸಲ್ಲಿಸುತ್ತಾರೆ. ಪರದೆಯು ಬಿಸಿಲಿನೊಂದಿಗೆ ಬೆಳಕನ್ನೂ ತಡೆಯುವುದರಿಂದ, ಬೆಳೆಗೆ ಹೊಂದದ ಪರದೆಯನ್ನು ಆಯ್ಕೆ ಮಾಡಿದಲ್ಲಿ ಇಳುವರಿ ಹಾಗೂ ರೈತರು ಭರಿಸಿದ ವಂತಿಗೆ ಎರಡೂ ನಷ್ಟವಾಗುತ್ತವೆ.

1. ಬೆಳಕಿನ ಪಾತ್ರ

ಎಲೆಯಲ್ಲಿರುವ ಪತ್ರಹರಿತ್ತು ಸೂರ್ಯನ ಬೆಳಕನ್ನು ಹೀರಿಕೊಂಡು, ನೀರು ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆಯನ್ನು ತಯಾರಿಸುತ್ತದೆ. ಸಸ್ಯದ ಹಸಿರು ಭಾಗವು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಬಿಡುಗಡೆ ಮಾಡುತ್ತದೆಂಬುದನ್ನು 1779ರಲ್ಲಿ ಯಾನ್ ಇಂಗೆನ್‌ಹೌಸ್ ತೋರಿಸಿದರು.

ಬೆಳಕು ಹೆಚ್ಚಿದಂತೆ ಈ ಕ್ರಿಯೆಯ ವೇಗವೂ ಹೆಚ್ಚುತ್ತದೆ. ಆದರೆ ಒಂದು ಮಿತಿಯ ನಂತರ ನಿಲ್ಲುತ್ತದೆ. ನಡುಹಗಲಿನ ಪೂರ್ಣ ಬಿಸಿಲು ಸುಮಾರು 1,00,000 ಲಕ್ಸ್ ಇರುತ್ತದೆ. ಟೊಮೆಟೊ, ಲಿಂಬೆ, ದ್ರಾಕ್ಷಿ ಮುಂತಾದ ಬೆಳೆಗಳ ಬಿಡಿ ಎಲೆಯು ಇದರ ಅರ್ಧ ಅಥವಾ ಅದಕ್ಕಿಂತ ಕಡಿಮೆ ಬೆಳಕಿನಲ್ಲಿಯೇ ಗರಿಷ್ಠ ವೇಗವನ್ನು ತಲುಪುತ್ತದೆ. ಜೋಳ, ಮೆಕ್ಕೆಜೋಳ ಮತ್ತು ಕಬ್ಬು ಪೂರ್ಣ ಬಿಸಿಲನ್ನು ಬಳಸಬಲ್ಲ ಬೆಳೆಗಳಾಗಿದ್ದು, ಇವುಗಳಿಗೆ ಪರದೆಯ ಅವಶ್ಯಕತೆ ಇರುವುದಿಲ್ಲ. ಬಿಸಿಲು ತೀವ್ರವಾಗಿ ತೇವಾಂಶ ಕಡಿಮೆಯಾದಾಗ ಪತ್ರರಂಧ್ರಗಳು ಮುಚ್ಚಿಕೊಂಡು ದ್ಯುತಿಸಂಶ್ಲೇಷಣೆಯು ಕುಂಠಿತವಾಗುತ್ತದೆ.

2. ಲಿಂಬೆ ಮತ್ತು ದ್ರಾಕ್ಷಿ

2023ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಇಂಡಿ ಲಿಂಬೆಯ ಎಳೆಯ ಸಸಿಗಳಿಗೆ ಸಸ್ಯಾಗಾರದಲ್ಲಿ ನೆರಳು ಅಗತ್ಯ. ನಾಟಿಗೆ ಮುನ್ನ ಸಸಿಗಳನ್ನು ಹಂತಹಂತವಾಗಿ ಬಿಸಿಲಿಗೆ ಒಗ್ಗಿಸತಕ್ಕದ್ದು. ಬೆಳೆದ ಗಿಡದಲ್ಲಿ ಎಲೆಗಳು ಒಂದಕ್ಕೊಂದು ನೆರಳು ನೀಡುವುದರಿಂದ ತೋಟಕ್ಕೆ ಪೂರ್ಣ ಬೆಳಕು ಬೇಕಾಗುತ್ತದೆ. ದ್ರಾಕ್ಷಿಯಲ್ಲಿ ಏಪ್ರಿಲ್ ಚಾಟ್ನಿಯ ನಂತರ ಹೊಸ ಕಡ್ಡಿಗಳ ಮೇಲೆ ಸಾಕಷ್ಟು ಬೆಳಕು ಬಿದ್ದರೆ ಮಾತ್ರ ಮುಂದಿನ ಫಸಲಿನ ಹೂಮೊಗ್ಗುಗಳು ಉತ್ತಮವಾಗಿ ರೂಪುಗೊಳ್ಳುತ್ತವೆ.

3. ರೈತರು ಸ್ವತಃ ಮಾಡಬಹುದಾದ ಪರೀಕ್ಷೆ

ಅ) ಒಂದೇ ಮಣ್ಣು, ಗೊಬ್ಬರ, ತಳಿ ಹಾಗೂ ಸಮಪ್ರಮಾಣದ ನೀರಿನೊಂದಿಗೆ ಮೂರು ಸಣ್ಣ ಮಡಿಗಳನ್ನು ಸಿದ್ಧಪಡಿಸುವುದು.
ಆ) ಒಂದನ್ನು ಬಯಲಿನಲ್ಲಿಟ್ಟು, ಉಳಿದ ಎರಡಕ್ಕೆ ಕ್ರಮವಾಗಿ ಶೇ. 35 ಮತ್ತು ಶೇ. 50ರ ಪರದೆ ಹಾಕುವುದು.
ಇ) ಮೂರು ವಾರಗಳ ನಂತರ ಎತ್ತರ, ಎಲೆಗಳ ಸಂಖ್ಯೆ ಮತ್ತು ಕಾಂಡದ ದಪ್ಪವನ್ನು ಹೋಲಿಸುವುದು.

ಎತ್ತರವೊಂದನ್ನೇ ಪರಿಗಣಿಸಬಾರದು. ಕಾಂಡವು ತೆಳ್ಳಗೆ ಉದ್ದವಾಗಿ ಬೆಳೆದು ಎಲೆಗಳು ವಿರಳವಾಗಿದ್ದಲ್ಲಿ ಅದು ಬೆಳಕಿನ ಕೊರತೆಯ ಲಕ್ಷಣವಾಗಿರುತ್ತದೆ. ಬಿಸಿಲಿಗೆ ತೆರೆದ ಎಲೆಗಳು ಬಿಳಿಚಿ ಒಣಗಿದಲ್ಲಿ ಅದು ಅತಿ ಬಿಸಿಲಿನ ಲಕ್ಷಣವಾಗಿರಬಹುದು. ಮೇ ತಿಂಗಳಿಗೆ ಸರಿಯಾದ ಪರದೆಯು ಮೋಡ ಕವಿದ ಆಗಸ್ಟ್‌ನಲ್ಲಿ ಅಧಿಕವಾಗುವ ಸಂಭವವಿರುವುದರಿಂದ, ಬೆಳೆಯುವ ಹಂಗಾಮಿನಲ್ಲಿಯೇ ಪರೀಕ್ಷೆ ನಡೆಸುವುದು ಸೂಕ್ತ.

4. ಅರ್ಜಿ ಸಲ್ಲಿಕೆ

ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ ಅಡಿ ನೆರಳು ಪರದೆ ಘಟಕಕ್ಕೆ ಮಾರ್ಗಸೂಚಿಯ ಘಟಕ ವೆಚ್ಚದ ಶೇ. 50ರಷ್ಟು ಸಹಾಯಧನಕ್ಕೆ ಅವಕಾಶವಿದ್ದು, ವಿಸ್ತೀರ್ಣದ ಮಿತಿ ಮತ್ತು ಗುರಿಯು ಆಯಾ ವರ್ಷದ ಮಾರ್ಗಸೂಚಿಗೆ ಒಳಪಟ್ಟಿರುತ್ತದೆ. ಅರ್ಜಿಯೊಂದಿಗೆ ಪಹಣಿ, ಆಧಾರ್, ಫ್ರೂಟ್ಸ್ ಗುರುತಿನ ಸಂಖ್ಯೆ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯನ್ನು ಸಿದ್ಧವಾಗಿಟ್ಟುಕೊಳ್ಳುವುದು. ಬೆಳೆಯ ಹೆಸರು ಮತ್ತು ಪರದೆಯ ಶೇಕಡಾ ಪ್ರಮಾಣವನ್ನು ಮೊದಲೇ ನಿರ್ಧರಿಸಿಕೊಳ್ಳುವುದು. ಕಾರ್ಯಾದೇಶ ಪಡೆಯುವ ಮುನ್ನ ಸಾಮಗ್ರಿ ಖರೀದಿಸಬಾರದು.

ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಛೇರಿ ಅಥವಾ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.