ಷಡ್ಭುಜ ಜಾಲ ನಕ್ಷೆ

ಷಡ್ಭುಜ ಜಾಲ ನಕ್ಷೆ ಅಥವಾ ಹೆಕ್ಸ್ ನಕ್ಷೆಯು ಭೂಪ್ರದೇಶವನ್ನು ಸಮಾನ ಗಾತ್ರದ ಆರು ಬದಿಯ ಮನೆಗಳಾಗಿ ವಿಂಗಡಿಸಿ ತೋರಿಸುವ ನಕ್ಷೆಯಾಗಿದೆ. ಟೇಬಲ್‌ಟಾಪ್ ಪಾತ್ರಾಭಿನಯ ಆಟಗಳಲ್ಲಿ ಪಾತ್ರಗಳ ಪ್ರಯಾಣವನ್ನು ಲೆಕ್ಕ ಹಾಕಲು ಇದನ್ನು ಬಳಸುತ್ತಾರೆ. ಇಂಕ್‌ಸ್ಕೇಪ್, ಗಿಂಪ್, ಫೋಟೋಶಾಪ್ ಮೊದಲಾದ ಚಿತ್ರ ಸಂಪಾದಕ ತಂತ್ರಾಂಶಗಳಲ್ಲಿ ಇದನ್ನು ರಚಿಸಬಹುದು.

ಹಿನ್ನೆಲೆ

ಚದುರಂಗದಂತಹ ಚೌಕ ಮನೆಗಳಲ್ಲಿ ಕರ್ಣದ ನಡೆಯು ನೇರ ನಡೆಗಿಂತ ಸುಮಾರು 1.41 ಪಟ್ಟು ಉದ್ದವಾಗಿರುತ್ತದೆ. ಷಡ್ಭುಜದ ಆರೂ ನೆರೆಮನೆಗಳ ಕೇಂದ್ರಗಳು ಸಮಾನ ದೂರದಲ್ಲಿರುವುದರಿಂದ ಈ ತೊಡಕು ಇರುವುದಿಲ್ಲ. ಅಮೆರಿಕದ ಯುದ್ಧ ಆಟಗಳಲ್ಲಿ ಮೊದಲು ನೆಲೆಗೊಂಡ ಈ ಜಾಲವು ಅಲ್ಲಿಂದ ಪಾತ್ರಾಭಿನಯ ಆಟಗಳಿಗೆ ಬಂದಿತು. 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮೊದಲ ಆವೃತ್ತಿಯು ಹೊರಾಂಗಣ ಪ್ರಯಾಣಕ್ಕಾಗಿ ಆವಲಾನ್ ಹಿಲ್ ಸಂಸ್ಥೆ 1972ರಲ್ಲಿ ಪ್ರಕಟಿಸಿದ ಔಟ್‌ಡೋರ್ ಸರ್ವೈವಲ್ ಆಟದ ಹಲಗೆಯನ್ನು ಸೂಚಿಸಿತ್ತು.

ಅಳತೆಯ ಆಯ್ಕೆ

ರಚನೆಯಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರವೆಂದರೆ ಒಂದು ಮನೆಗೆ ಎಷ್ಟು ದೂರ ಎಂಬುದು. ಯಾವುದು ನಕ್ಷೆಯಲ್ಲಿ ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಇದೇ ತೀರ್ಮಾನಿಸುತ್ತದೆ. ಉತ್ತರ ಬೆಂಗಳೂರಿನ ಅಮೃತಹಳ್ಳಿಯ ಸುತ್ತಲಿನ ಪ್ರದೇಶವನ್ನು ಉದಾಹರಣೆಯಾಗಿ ನೋಡಬಹುದು. ಎದುರು ಬದಿಗಳ ನಡುವೆ 10 ಕಿ.ಮೀ. ಇರುವ ಮನೆಯ ವಿಸ್ತೀರ್ಣ ಸುಮಾರು 86.6 ಚದರ ಕಿ.ಮೀ. ಈ ಅಳತೆಯಲ್ಲಿ ಅಮೃತಹಳ್ಳಿ, ಜಕ್ಕೂರು, ಹೆಬ್ಬಾಳಗಳು ಒಂದೇ ಮನೆಯೊಳಗೆ ಸೇರಿ, ಆ ಮನೆ 'ನಗರ' ಎಂಬ ಒಂದು ಚಿಹ್ನೆಯಾಗಿ ಬಿಡುತ್ತದೆ, ಕೆರೆಗಳು ಕಾಣೆಯಾಗುತ್ತವೆ. ಅದನ್ನೇ 500 ಮೀಟರಿಗೆ ಇಳಿಸಿದರೆ, ಸುಮಾರು 160 ಎಕರೆಯ ಜಕ್ಕೂರು ಕೆರೆಯು ಮೂರು ಮನೆಗಳಷ್ಟು ಜಾಗ ಪಡೆಯುತ್ತದೆ.

ಜಕ್ಕೂರು ಕೆರೆಯಿಂದ ರಾಚೇನಹಳ್ಳಿ ಕೆರೆಗೆ ನೀರು ಹರಿಯುವ ಕಾಲುವೆಯನ್ನು ಮನೆಗಳ ಅಂಚಿನಲ್ಲಿ ಎಳೆದರೆ ಅದು ದಾಟಬೇಕಾದ ಅಡ್ಡಿಯಾಗುತ್ತದೆ. ಮನೆಗಳ ನಡುವೆ ಎಳೆದರೆ ಅನುಸರಿಸಬಹುದಾದ ದಾರಿಯಾಗುತ್ತದೆ. ಬಳ್ಳಾರಿ ರಸ್ತೆಯನ್ನು ಎರಡನೆಯ ಬಗೆಯಲ್ಲಿ ತೋರಿಸುವುದೇ ಸೂಕ್ತ.

ರಚನೆ

ಇಂಕ್‌ಸ್ಕೇಪ್‌ನಲ್ಲಿ ಒಂದು ಷಡ್ಭುಜವನ್ನು ಬರೆದು, ಹೆಂಚು ಹಾಸಿದಂತೆ ಅದರ ಪ್ರತಿಗಳನ್ನು ಮಾಡಬಹುದು. ಪಿಕ್ಸೆಲ್ ಆಧಾರಿತ ಗಿಂಪ್‌ನಲ್ಲಿ ಪುನರಾವರ್ತಿಸುವ ತುಂಡೊಂದನ್ನು ಸಿದ್ಧಪಡಿಸಿ ಅದನ್ನು ವಿನ್ಯಾಸವಾಗಿ ತುಂಬಬೇಕು. ಮೂಲೆ ಮೇಲ್ಮುಖವಾಗಿರುವ ಷಡ್ಭುಜದ ಅಗಲವು ಭುಜದ √3 ಪಟ್ಟು ಇರುವುದರಿಂದ ಅದು ಪೂರ್ಣಾಂಕವಾಗುವುದಿಲ್ಲ. ಭುಜ 40 ಪಿಕ್ಸೆಲ್ ಇದ್ದರೆ ಅಗಲ 69.28. ಅದನ್ನು 69 ಎಂದು ಹಿಡಿದರೆ, ಆನ್‌ಲೈನ್ ಆಟದ ತಂತ್ರಾಂಶವು ತಾನೇ ಹಾಕುವ ಜಾಲಕ್ಕೆ ಹೋಲಿಸಿದಾಗ 50 ಮನೆಗಳಷ್ಟರಲ್ಲಿ ಸುಮಾರು 14 ಪಿಕ್ಸೆಲ್ ವ್ಯತ್ಯಾಸ ಬಂದಿರುತ್ತದೆ. ಭುಜ 30 ಇದ್ದಲ್ಲಿ ಅಗಲ 51.96, 52×90 ಪಿಕ್ಸೆಲ್‌ಗಳ ತುಂಡಿನಿಂದ ಈ ವ್ಯತ್ಯಾಸ 2 ಪಿಕ್ಸೆಲ್‌ಗೆ ಇಳಿಯುತ್ತದೆ.

ಭೂಮಿ, ನೀರು, ದಾರಿ, ಜಾಲ, ಹೆಸರುಗಳನ್ನು ಬೇರೆ ಬೇರೆ ಪದರಗಳಲ್ಲಿಡುವುದು ರೂಢಿ. ಆಟಗಾರರಿಗೆ ಇನ್ನೂ ತಿಳಿಯದ ಸ್ಥಳಗಳ ಪದರವನ್ನು ಮರೆಮಾಡಿ ಮುದ್ರಿಸಬಹುದು.

ಕನ್ನಡ ಹೆಸರುಗಳು

'ಅಮೃತಹಳ್ಳಿ' ಎಂಬ ಪದದಲ್ಲಿ ಋಕಾರದ ಚಿಹ್ನೆಯೂ ಒತ್ತಕ್ಷರವೂ ಇವೆ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆಯನ್ನು ಸಕ್ರಿಯಗೊಳಿಸದಿದ್ದರೆ ಇವು ಬಿಡಿಬಿಡಿಯಾಗಿ ಕಾಣಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಹೆಸರಿನ ಕೆಳಗೆ ಜಾಗ ಬಿಡಬೇಕು. ಇಲ್ಲವಾದರೆ ಜಾಲದ ಗೆರೆ ಅವುಗಳ ಮೇಲೆ ಹಾಯುತ್ತದೆ. ಓಪನ್‌ಸ್ಟ್ರೀಟ್‌ಮ್ಯಾಪ್ ದತ್ತಾಂಶವನ್ನು ಆಧಾರವಾಗಿಟ್ಟುಕೊಂಡು ರಚಿಸಿದ ನಕ್ಷೆಯನ್ನು ಹಂಚುವಾಗ ಅದರ ಕೊಡುಗೆದಾರರನ್ನು ಉಲ್ಲೇಖಿಸುವುದು ಕಡ್ಡಾಯ.